ಕುಂಡದ ಗಿಡಗಳಲ್ಲಿ ಅಣಬೆ ನೊರಜು

ಅಣಬೆ ನೊರಜು ಸದಾ ತೇವವಾಗಿರುವ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಅಲ್ಲಿನ ಶಿಲೀಂಧ್ರಗಳನ್ನೂ ಕೊಳೆಯುತ್ತಿರುವ ಸಸ್ಯಾಂಶವನ್ನೂ ತಿಂದು ಬೆಳೆಯುವ ಒಂದು ಪುಟ್ಟ ಕಪ್ಪು ನೊಣ. ಇಂಗ್ಲಿಷಿನ ಫಂಗಸ್ ನ್ಯಾಟ್ ಎಂಬ ಹೆಸರೂ ಬಳಕೆಯಲ್ಲಿದೆ. ಹಾರಾಡುವ ನೊಣವು ಮನುಷ್ಯರನ್ನು ಕಚ್ಚುವುದಿಲ್ಲ, ಗಿಡದ ಎಲೆ ಹೂಗಳನ್ನು ತಿನ್ನುವುದೂ ಇಲ್ಲ. ಮಣ್ಣಿನೊಳಗಿರುವ ಅದರ ಮರಿಹುಳು ಎಳೆಬೇರುಗಳನ್ನು ಕಡಿಯುವುದರಿಂದ ಹಾನಿಯಾಗುತ್ತದೆ. ಬೆಂಗಳೂರಿನಲ್ಲಿ, ಅದರಲ್ಲೂ ದಂಡು ಪ್ರದೇಶದ ಶಿವಾಜಿನಗರ, ಹಲಸೂರುಗಳಿಂದ ಇಂದಿರಾನಗರ, ಕೃಷ್ಣರಾಜಪುರದವರೆಗೆ ಹಬ್ಬಿರುವ ಪೂರ್ವ ಭಾಗದ ವಸತಿ ಸಮುಚ್ಚಯಗಳಲ್ಲಿ, ಮನೆಯೊಳಗೆ ಮತ್ತು ಬಾಲ್ಕನಿಯಲ್ಲಿ ಬೆಳೆಸುವ ಹೂಗಿಡಗಳಿಗೆ ಇದು ವರ್ಷದುದ್ದಕ್ಕೂ ತಗಲಬಹುದಾದ ಕೀಟವಾಗಿದೆ. ಗಿಡ ಮೊಗ್ಗು ಬಿಟ್ಟು ಹೂವಾಗುವ ವಾರಗಳಲ್ಲಿ ಇದರ ಹತೋಟಿ ಹೆಚ್ಚು ಕಷ್ಟ. ಆಗ ಸಿಂಪಡಣೆಯಿಂದ ಹೂವು ಕೆಡುತ್ತದೆ, ಬೇರಿನ ಹಾನಿಯಿಂದ ಮೊಗ್ಗು ಉದುರುತ್ತದೆ.

ಹೆಸರು

ನೊರಜು ಎಂಬುದು ಕಣ್ಣು ಮೂಗಿನ ಸುತ್ತ ಸುಳಿಯುವ ಅತಿ ಸಣ್ಣ ನೊಣಗಳಿಗೆ ಕನ್ನಡದಲ್ಲಿರುವ ಹಳೆಯ ಪದ. ಹಳೆ ಮೈಸೂರು ಸೀಮೆಯಲ್ಲಿ ಇಂಥವನ್ನು ಗುಂಗುರು ಎಂದೂ ಕರೆಯುತ್ತಾರೆ. ನುಸಿ ಎಂಬ ಪದವನ್ನು ಕೆಲವರು ಈ ಕೀಟಕ್ಕೆ ಬಳಸುವುದುಂಟು. ಆದರೆ ಕೃಷಿ ಸಾಹಿತ್ಯದಲ್ಲಿ ನುಸಿ ಎಂದರೆ ತೆಂಗಿನ ಕಾಯಿಗೆ ತಗಲುವ ನುಸಿಯಂತಹ ಜೀವಿ. ಎರಡೂ ಬೇರೆ ಬೇರೆ ಗುಂಪಿನವು, ಔಷಧಿಯೂ ಬೇರೆ. ನುಸಿನಾಶಕ ತಂದು ನೊಣಕ್ಕೆ ಹೊಡೆಯುವ ಗೊಂದಲ ಈ ಹೆಸರಿನಿಂದಲೇ ಹುಟ್ಟುವುದರಿಂದ ನೊರಜು ಎಂಬ ಪದವೇ ಸೂಕ್ತ.

ವರ್ಗೀಕರಣ ಮತ್ತು ಸ್ವರೂಪ

ಎರಡು ರೆಕ್ಕೆಗಳ ಕೀಟಗಳ ಗಣವಾದ ಡಿಪ್ಟೆರಾದಲ್ಲಿ ಹಲವು ಕುಟುಂಬಗಳ ಕೀಟಗಳನ್ನು ಅಣಬೆ ನೊರಜು ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತದೆ. ನ್ಯೂಜಿಲೆಂಡಿನ ಗುಹೆಗಳಲ್ಲಿ ಬೆಳಕು ಸೂಸುವ ಮರಿಹುಳುಗಳೂ ಇದೇ ಬಳಗದವು. ಕುಂಡ, ಸಸಿಮಡಿ ಮತ್ತು ಅಣಬೆ ಮನೆಗಳಿಗೆ ತಗಲುವವು ಮುಖ್ಯವಾಗಿ ಸಯಾರಿಡೇ ಕುಟುಂಬದ ಬ್ರಾಡಿಸಿಯಾ ಕುಲದ ಪ್ರಭೇದಗಳು. ಈ ಕುಟುಂಬದ ಸಯಾರಾ ನೊಣಕ್ಕೆ ತಳಿವಿಜ್ಞಾನದ ಚರಿತ್ರೆಯಲ್ಲಿ ಸ್ಥಾನವಿದೆ. ತಂದೆಯಿಂದ ಬಂದ ವರ್ಣತಂತು ಮತ್ತು ತಾಯಿಯಿಂದ ಬಂದ ವರ್ಣತಂತು ಬೇರೆ ಬೇರೆಯಾಗಿ ವರ್ತಿಸುವುದನ್ನು ಇದರಲ್ಲಿ ಗಮನಿಸಿದ ಹೆಲೆನ್ ಕ್ರೌಸ್ 1960ರಲ್ಲಿ ಅದನ್ನು ಮುದ್ರೆ ಒತ್ತುವಿಕೆಗೆ ಹೋಲಿಸಿ ಹೆಸರಿಟ್ಟರು. ಇಂದಿಗೂ ಜೀವವಿಜ್ಞಾನದಲ್ಲಿ ಆ ಪದವೇ ಉಳಿದಿದೆ.

ಪ್ರೌಢ ಕೀಟದ ಉದ್ದ 2ರಿಂದ 3 ಮಿ.ಮೀ. ದೇಹ ಬೂದು ಮಿಶ್ರಿತ ಕಪ್ಪು, ಕಾಲು ಮತ್ತು ಮೀಸೆಗಳು ನೀಳ. ರೆಕ್ಕೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ನಾಳವೊಂದನ್ನು ಭೂತಗನ್ನಡಿಯಲ್ಲಿ ಕಾಣಬಹುದು. ಹಾರಾಟ ದುರ್ಬಲ, ಹೆಚ್ಚಿನ ಹೊತ್ತು ಮಣ್ಣಿನ ಮೇಲೆ ಓಡಾಡುತ್ತ, ಕುಂಡ ಅಲುಗಿದಾಗ ಎದ್ದು ಮತ್ತೆ ಅಲ್ಲಿಯೇ ಕುಳಿತುಕೊಳ್ಳುತ್ತದೆ. ಮರಿಹುಳುವಿಗೆ ಕಾಲುಗಳಿಲ್ಲ. ಅದರ ದೇಹ ಬಿಳಿಚಿಕೊಂಡು ಪಾರದರ್ಶಕವಾಗಿದ್ದು, ತಲೆ ಮಾತ್ರ ಮಿರುಗುವ ಕಪ್ಪು. ಪೂರ್ಣ ಬೆಳೆದಾಗ ಸುಮಾರು 6 ಮಿ.ಮೀ. ಉದ್ದವಿರುತ್ತದೆ.

ಜೀವನಚಕ್ರ

ಸುಮಾರು 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮೊಟ್ಟೆ 3 ದಿನಗಳಲ್ಲಿ ಒಡೆಯುತ್ತದೆ. ಮರಿಹುಳು 10 ದಿನ ತಿಂದು ಬೆಳೆದು, ಮಣ್ಣಿನ ಮೇಲ್ಪದರದಲ್ಲಿಯೇ ಕೋಶವಾಗಿ, ಮತ್ತೆ 4 ದಿನಗಳ ನಂತರ ನೊಣವಾಗಿ ಹೊರಬರುತ್ತದೆ. ಹೀಗೆ ಒಂದು ಪೀಳಿಗೆಗೆ 17 ದಿನ ಸಾಕು. ತಂಪು ಹೆಚ್ಚಿದಂತೆ ಅವಧಿ ದೀರ್ಘವಾಗುತ್ತದೆ. ನೊಣದ ಆಯುಷ್ಯ ಒಂದು ವಾರ ಅಥವಾ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ತೇವದ ಬಿರುಕುಗಳಲ್ಲಿ ಇಡಬಲ್ಲದು.

ಈ ಲೆಕ್ಕದಿಂದ ಹತೋಟಿಯ ಕ್ರಮವೂ ತಿಳಿಯುತ್ತದೆ. ಒಂದು ದಿನ ಕಣ್ಣಿಗೆ ಬೀಳುವ ನೊಣಗಳನ್ನೆಲ್ಲ ಕೊಂದರೂ ಮೊಟ್ಟೆ, ಹುಳು, ಕೋಶ ಎಂಬ ಮೂರು ಹಂತಗಳು ಅದೇ ಕುಂಡದಲ್ಲಿ ಉಳಿದಿರುತ್ತವೆ. ಯಾವ ಉಪಾಯವಾದರೂ ಕನಿಷ್ಠ 3ರಿಂದ 4 ವಾರ ಬಿಡದೆ ನಡೆಯದಿದ್ದರೆ ಕೀಟ ಮರಳುತ್ತದೆ.

ಬೆಂಗಳೂರಿನ ಪೂರ್ವ ಭಾಗದಲ್ಲಿ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಶೀತ ದೇಶಗಳಲ್ಲಿ ಹೊರಗಿನ ಹಿಮ ಕೀಟಕ್ಕೆ ತಡೆಯೊಡ್ಡುವಂತೆ ಇಲ್ಲಿ ಯಾವ ಋತುವೂ ತಡೆಯೊಡ್ಡುವುದಿಲ್ಲ. ಮೇ ತಿಂಗಳ ಮಳೆಯಿಂದ ಆರಂಭವಾಗಿ, ಮಳೆ ಅತಿ ಹೆಚ್ಚಾಗುವ ಸೆಪ್ಟೆಂಬರ್-ಅಕ್ಟೋಬರ್‌ವರೆಗೆ ಬಾಲ್ಕನಿಯ ಮಣ್ಣು ಒಣಗುವುದೇ ಅಪರೂಪ. ಮೋಡ ಕವಿದ ದಿನಗಳಲ್ಲಿಯೂ ಬೇಸಿಗೆಯ ಅಳತೆಯಲ್ಲಿಯೇ ನೀರು ಹಾಕುವ ರೂಢಿ ಸೇರಿದರೆ ಕೀಟಕ್ಕೆ ಬೇಕಾದದ್ದೆಲ್ಲ ಒದಗುತ್ತದೆ.

ಆದರೆ ಹವೆಯೊಂದೇ ಕಾರಣವಲ್ಲ. 1809ರಲ್ಲಿ ಬ್ರಿಟಿಷರು ದಂಡು ಸ್ಥಾಪಿಸಿದ ಬಳಿಕ ಇಲ್ಲಿ ಎದ್ದ ಬಂಗಲೆಗಳ ವಿಶಾಲ ಆವರಣಗಳಲ್ಲಿ ಹೂಗಿಡಗಳು ಬೆಳೆದದ್ದು ಬೆಂಗಳೂರಿನ ಕೆಮ್ಮಣ್ಣಿನಲ್ಲಿ. ನೆಲದ ಮೇಲ್ಪದರ ಬಿಸಿಲಿಗೆ ಬೇಗ ಒಣಗುತ್ತದೆ. ಹುಳುವನ್ನು ತಿನ್ನುವ ಜೇಡ, ಇರುವೆ, ನೆಲದ ಜೀರುಂಡೆಗಳೂ ಅಲ್ಲಿರುತ್ತವೆ. ಕುಂಡಗಳಿಗೂ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಬೆರೆಸಿ ತುಂಬುತ್ತಿದ್ದರು. ದಂಡು ರೈಲು ನಿಲ್ದಾಣಕ್ಕೆ ಹತ್ತಿರದ ಪಾಟರಿ ಟೌನ್‌ನಲ್ಲಿ ಕುಂಬಾರರು ಇಂದಿಗೂ ಮಾಡುವ ಸುಟ್ಟ ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ಮತ್ತು ಮೆರುಗು ಬಳಿದ ಪಿಂಗಾಣಿ ಕುಂಡಗಳಲ್ಲಿ ಆ ದಾರಿ ಮುಚ್ಚಿರುತ್ತದೆ.

ಇಂದಿರಾನಗರದ ಒಂಟಿ ಮನೆಗಳು ಬಹುಮಹಡಿಗಳಾಗಿ, ಕೃಷ್ಣರಾಜಪುರದ ಸುತ್ತಲ ಹಳ್ಳಿಗಳು ವಸತಿ ಸಮುಚ್ಚಯಗಳಾದಾಗ ತೋಟ ನೆಲದಿಂದ ಬಾಲ್ಕನಿಗೆ ಏರಿತು. ಭಾರ ಕಡಿಮೆಯಾಗಲೆಂದು ಮಣ್ಣಿನ ಬದಲು ಕೋಕೋಪೀಟ್ ಹೆಸರಿನಲ್ಲಿ ಮಾರುವ ತೆಂಗಿನ ನಾರಿನ ಪುಡಿ ಬಂದಿತು. ಇದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಮೇಲೆ ಒಣಗಿದಂತೆ ಕಂದು ಬಣ್ಣಕ್ಕೆ ತಿರುಗಿದರೂ ಒಂದು ಬೆರಳು ಕೆಳಗೆ ಒದ್ದೆಯಾಗಿರುವುದರಿಂದ ನೋಟವನ್ನು ನಂಬಿ ನೀರು ಹಾಕುವವರು ಮೋಸಹೋಗುತ್ತಾರೆ. ಕೋಕೋಪೀಟ್ ಸ್ವತಃ ಕೀಟದ ಮೂಲವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುದುಗಿಸಿದ ಕೋಕೋಪೀಟನ್ನು ಮಣ್ಣಿಲ್ಲದ ಬೇಸಾಯಕ್ಕಾಗಿಯೇ ಸಿದ್ಧಪಡಿಸಿದೆ. ಅದಕ್ಕೆ ಮಣ್ಣಿನ ಅಳತೆಯಲ್ಲಿ ನೀರು ಹಾಕುವುದೇ ತೊಂದರೆಯ ಮೂಲ.

ಇನ್ನೊಂದು ಮೂಲ ಅಡುಗೆಮನೆಯ ಗೊಬ್ಬರ. ಕರ್ನಾಟಕ ಹೈಕೋರ್ಟ್ 2015ರಲ್ಲಿ ನಗರದ ಮನೆಗಳಿಗೆ ಎರಡು ಡಬ್ಬಿ, ಒಂದು ಚೀಲದ ಕಸ ವಿಂಗಡಣೆ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡುವುದು, ತಾರಸಿಯಲ್ಲಿ ತರಕಾರಿ ಬೆಳೆಯುವುದು ಈ ವರ್ಷಗಳಲ್ಲಿ ಹೆಚ್ಚಿತು. ಪೂರ್ತಿ ಕಳಿಯದ ಗೊಬ್ಬರ, ಚಹಾ ಚರಟ, ಅಕ್ಕಿ ತೊಳೆದ ನೀರು ಕುಂಡದ ಮೇಲೆ ಬಿದ್ದರೆ ಅಲ್ಲಿ ಬೂಷ್ಟು ಹಿಡಿಯುತ್ತದೆ. ಅಂತಹ ಮಣ್ಣು ಹೆಣ್ಣು ನೊಣಗಳನ್ನು ಸೆಳೆಯುತ್ತದೆ. ಗೊಬ್ಬರ ಮಣ್ಣಿನ ವಾಸನೆಗೆ ಬಂದು, ಪುಡಿಪುಡಿಯಾಗಿ, ಮೂಲ ವಸ್ತುವಿನ ಗುರುತು ಸಿಗದಂತಾಗುವವರೆಗೆ ಕಾಯುವುದು ಇದಕ್ಕೆ ಪರಿಹಾರ.

ಹೂಬಿಡುವ ಹಂತದ ಹಾನಿ

ಮರಿಹುಳುವಿನ ಮೊದಲ ಆಹಾರ ಶಿಲೀಂಧ್ರ ಮತ್ತು ಪಾಚಿ. ಸಂಖ್ಯೆ ಹೆಚ್ಚಿದಾಗ ಅದು ಬೇರಿನ ತುದಿ ಹಾಗೂ ಬೇರುರೋಮಗಳನ್ನು ತಿನ್ನುತ್ತದೆ, ಎಳೆ ಕಾಂಡದ ಬುಡವನ್ನು ಕೊರೆಯುತ್ತದೆ. ಪಿಥಿಯಂ, ಫ್ಯುಸೇರಿಯಂನಂತಹ ಬೇರುಕೊಳೆ ರೋಗಕಾರಕಗಳನ್ನು ನೊಣ ಮತ್ತು ಹುಳು ಒಂದು ಕುಂಡದಿಂದ ಮತ್ತೊಂದಕ್ಕೆ ಸಾಗಿಸಬಲ್ಲವು. ಗಟ್ಟಿ ಬೇರಿನ ದೊಡ್ಡ ಗಿಡ ಈ ನಷ್ಟವನ್ನು ತಡೆದುಕೊಳ್ಳುತ್ತದೆ. ಸಸಿ, ಕಡ್ಡಿ ನೆಟ್ಟು ಬೇರು ಬಿಡಿಸುತ್ತಿರುವ ಗಿಡ ಮತ್ತು ಮೊಗ್ಗು ಹೊತ್ತ ಗಿಡ ತಡೆದುಕೊಳ್ಳಲಾರವು.

ಮೊಗ್ಗು ತುಂಬುವಾಗ ಗಿಡಕ್ಕೆ ನೀರು, ಪೋಷಕಾಂಶಗಳ ಬೇಡಿಕೆ ಏರುತ್ತದೆ. ಬೇರು ಕಡಿದಿದ್ದರೆ ಪೂರೈಕೆ ಕುಸಿದು, ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ, ಕೆಳ ಎಲೆಗಳು ಹಳದಿಯಾಗುತ್ತವೆ, ಮೊಗ್ಗು ಅರಳದೆ ಉದುರುತ್ತದೆ. ಬಾಡಿದ್ದು ನೀರಿಲ್ಲದೆ ಎಂದು ಭಾವಿಸಿ ಇನ್ನಷ್ಟು ನೀರು ಹಾಕುವುದು ಸಾಮಾನ್ಯ ತಪ್ಪು. ಹೂಗಿಡ ಸಾಯುವುದು ಅನೇಕ ಸಲ ಹುಳುವಿನಿಂದಲ್ಲ, ಹುಳು ಬಂದ ಮೇಲೆ ಸುರಿದ ಈ ನೀರಿನಿಂದ.

ದಂಡು ಪ್ರದೇಶದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮನೆ ಮನೆಯಲ್ಲಿ ಕಾಣುವ ಪಾಯಿನ್‌ಸೆಟಿಯಾ ಈ ಕೀಟಕ್ಕೆ ಬೇಗ ತುತ್ತಾಗುವ ಗಿಡಗಳಲ್ಲೊಂದು. ಹಗಲು ಕಿರಿದಾದಾಗ ಇದರ ತುದಿಯ ಎಲೆಗಳು ಕೆಂಪಾಗುತ್ತವೆ. ಹೂವೆಂದು ತೋರುವುದು ಈ ಎಲೆಗಳೇ. ಹಳೆಯ ಆವರಣಗಳಲ್ಲಿ ಆಳೆತ್ತರ ಬೆಳೆದ ಇದೇ ಗಿಡಕ್ಕೆ ನೊರಜಿನಿಂದ ತೊಂದರೆಯಾಗುವುದು ಕಡಿಮೆ. ಕೋಕೋಪೀಟ್ ತುಂಬಿದ ಕುಂಡದಲ್ಲಿ, ಜರತಾರಿ ಕಾಗದ ಸುತ್ತಿ ಕೋಣೆಯೊಳಗಿಟ್ಟಾಗ ಕಾಗದದೊಳಗೆ ನೀರು ನಿಂತು, ಡಿಸೆಂಬರ್ ಮುಗಿಯುವುದರೊಳಗೆ ಎಲೆ ಉದುರುತ್ತದೆ. ಆಫ್ರಿಕನ್ ವಯೊಲೆಟ್, ಬಿಗೋನಿಯಾ, ಪೀಸ್ ಲಿಲಿ, ಅಂಥೂರಿಯಂಗಳೂ ಸುಲಭವಾಗಿ ಬಲಿಯಾಗುತ್ತವೆ. ಆರ್ಕಿಡ್‌ನ ತೊಗಟೆ ಚೂರುಗಳು ಹಳತಾಗಿ ಕೊಳೆಯತೊಡಗಿದಾಗ ಅಲ್ಲಿಯೂ ಹುಳು ಕಾಣಿಸಿಕೊಳ್ಳುತ್ತದೆ. ಆದರೆ ಹೂವಿರುವಾಗ ಕುಂಡ ಬದಲಿಸಿದರೆ ಹೂಗೊಂಚಲು ಉದುರುವ ಸಂಭವ ಹೆಚ್ಚು.

ಗಾಂಜಾ ಕೃಷಿಯೊಂದಿಗೆ ಸಂಬಂಧ

ಹೂಬಿಡುವ ಹಂತದಲ್ಲಿ ಅಣಬೆ ನೊರಜಿನ ಹತೋಟಿ ಹೇಗೆ ಎಂಬ ಪ್ರಶ್ನೆ ಜಗತ್ತಿನಲ್ಲಿ ಹೆಚ್ಚು ಚರ್ಚೆಗೆ ಬಂದಿರುವುದು ಒಳಾಂಗಣ ಗಾಂಜಾ ಕೃಷಿಯಲ್ಲಿ. ಕೆನಡಾ 2018ರ ಅಕ್ಟೋಬರ್ 17ರಿಂದ ಇದನ್ನು ಕಾನೂನುಬದ್ಧಗೊಳಿಸಿತು. ಈ ಗಿಡದಲ್ಲಿ ಮಾರಾಟವಾಗುವುದು ಅಂಟಿನಿಂದ ಕೂಡಿದ ಹೂಗೊಂಚಲೇ ಆದ್ದರಿಂದ ಸತ್ತ ನೊಣಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಸಿಂಪಡಿಸಿದ ಕೀಟನಾಶಕ ಅದರಲ್ಲಿಯೇ ಉಳಿಯುತ್ತದೆ, ತೊಳೆಯಲು ಬರುವುದಿಲ್ಲ. ಅಲ್ಲಿ ಕೀಟನಾಶಕದ ಶೇಷವನ್ನು ಪರೀಕ್ಷಿಸುವ ನಿಯಮವಿರುವುದರಿಂದ ಬೆಳೆಗಾರರು ಹೂವನ್ನು ಮುಟ್ಟದೆ ಮಣ್ಣಿನಲ್ಲಿಯೇ ಹುಳುವನ್ನು ಎದುರಿಸುವ ಜೈವಿಕ ವಿಧಾನಗಳನ್ನು ಅವಲಂಬಿಸಿದ್ದಾರೆ. ಆ ತತ್ತ್ವ ಮಲ್ಲಿಗೆಗೂ ಬಿಗೋನಿಯಾಕ್ಕೂ ಅಷ್ಟೇ ಅನ್ವಯಿಸುತ್ತದೆ.

ಭಾರತದಲ್ಲಿ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಅಧಿನಿಯಮವು ಈ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನೇ ಗಾಂಜಾ ಎಂದು ವ್ಯಾಖ್ಯಾನಿಸುತ್ತದೆ. ಪರವಾನಗಿಯಿಲ್ಲದೆ ಗಿಡ ಬೆಳೆಯುವುದಕ್ಕೆ 20ನೇ ಕಲಮಿನಂತೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕುಂಡದಲ್ಲಿ, ಮನೆಯೊಳಗೆ ಬೆಳೆದರೂ ಅಪರಾಧವೇ. ಬೆಂಗಳೂರಿನಲ್ಲಿ ಬಾಡಿಗೆ ಮನೆಗಳೊಳಗೆ ದೀಪದ ಬೆಳಕಿನಲ್ಲಿ ಬೆಳೆಸಿದ ಪ್ರಕರಣಗಳನ್ನು ಪೊಲೀಸರು ದಾಖಲಿಸಿದ್ದಾರೆ.

ಗುರುತಿಸುವಿಕೆ

ಮನೆಯೊಳಗೆ ಹಾರುವ ಸಣ್ಣ ಕೀಟವೆಲ್ಲ ಅಣಬೆ ನೊರಜಲ್ಲ. ಬಾಳೆಹಣ್ಣಿನ ಸುತ್ತ ಸುಳಿಯುವ ಕಂದು ಮೈಯ, ಕೆಂಪು ಕಣ್ಣಿನ ನೊಣ ಹಣ್ಣುನೊಣ. ಬಚ್ಚಲಿನ ಗೋಡೆಯಲ್ಲಿ ರೆಕ್ಕೆ ಹರಡಿ ಕೂರುವ, ಪತಂಗದಂತೆ ರೋಮವುಳ್ಳದ್ದು ಮೋರಿನೊಣ. ಗಿಡದಲ್ಲಿ ಸೊಳ್ಳೆ ಹುಟ್ಟುತ್ತಿದೆ ಎಂಬ ದೂರು ವಸತಿ ಸಂಘಗಳ ಸಭೆಗಳಲ್ಲಿ ಕೇಳಿಬರುವುದುಂಟು. ಸೊಳ್ಳೆಯ ಮರಿ ನಿಂತ ನೀರಿನಲ್ಲಿ ಬೆಳೆಯುತ್ತದೆ, ನೊರಜಿನ ಮರಿ ತೇವದ ಮಣ್ಣಿನಲ್ಲಿ. ಹೀಗಾಗಿ ಕುಂಡದ ಮಣ್ಣಿನ ಮೇಲಿನ ಆರೋಪ ಸುಳ್ಳಾದರೂ ಕುಂಡದ ಕೆಳಗಿನ ತಟ್ಟೆಯ ಮೇಲಿನ ಆರೋಪ ನಿಜವಾಗಬಹುದು: ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಆ ತಟ್ಟೆಯ ನೀರು ಸಾಕು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆ, ಕಟ್ಟಡಗಳ ಮಾಲೀಕರಿಗೆ ದಂಡ ವಿಧಿಸಲು ನಿಯಮ ತಂದಿತು.

ಮಣ್ಣಿನಲ್ಲಿ ಹುಳುವಿದೆಯೇ ಎಂದು ತಿಳಿಯಲು ಆಲೂಗಡ್ಡೆ ಸಾಕು. ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಕೊಯ್ದ ಮುಖ ಕೆಳಗಾಗಿ ಮಣ್ಣಿಗೆ ಒತ್ತಿಟ್ಟು, ಒಂದೆರಡು ದಿನಗಳ ಬಳಿಕ ಮಗುಚಿದರೆ ಕಪ್ಪು ತಲೆಯ ಹುಳುಗಳು ಅದರ ಅಡಿಯಲ್ಲಿ ಸೇರಿರುತ್ತವೆ. ಯಾವ ಕುಂಡದಲ್ಲಿ ಹೆಚ್ಚು ಹುಳುವಿದೆಯೋ ಅದನ್ನು ಪ್ರತ್ಯೇಕಿಸಲು ಇದಕ್ಕಿಂತ ಅಗ್ಗದ ವಿಧಾನವಿಲ್ಲ.

ಹತೋಟಿ ಕ್ರಮಗಳು

ನೀರಿನ ನಿರ್ವಹಣೆ ಎಲ್ಲಕ್ಕಿಂತ ಮುಖ್ಯ. ಮೇಲಿನ 2ರಿಂದ 3 ಸೆಂ.ಮೀ. ಮಣ್ಣು ಒಣಗಿದ ನಂತರವೇ ಮುಂದಿನ ನೀರು ಹಾಕಿದರೆ ಮೊಟ್ಟೆ ಮತ್ತು ಎಳೆ ಹುಳುಗಳು ಒಣಗಿ ಸಾಯುತ್ತವೆ. ಮಲ್ಲಿಗೆ ಇದನ್ನು ಸುಲಭವಾಗಿ ಸಹಿಸುತ್ತದೆ. ಸವರುವ ಮುನ್ನ ನೀರು ನಿಲ್ಲಿಸುವುದು ಮಲ್ಲಿಗೆ ಬೆಳೆಗಾರರ ವಾಡಿಕೆಯೇ ಆಗಿದೆ. ಪೀಸ್ ಲಿಲಿ, ಆಫ್ರಿಕನ್ ವಯೊಲೆಟ್‌ಗಳು ಮೊಗ್ಗಿನ ಕಾಲದಲ್ಲಿ ಪೂರ್ತಿ ಬಾಡಿದರೆ ಹೂ ಕಳೆದುಕೊಳ್ಳುತ್ತವೆ. ಅವುಗಳ ಕುಂಡವನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿಟ್ಟು, ತಳದ ರಂಧ್ರದಿಂದ ನೀರು ಹೀರಿಸಿ, ಉಳಿದ ನೀರನ್ನು ಚೆಲ್ಲುವುದು ಸೂಕ್ತ. ಬೇರಿಗೆ ನೀರು ಸಿಗುತ್ತದೆ, ಮೇಲ್ಪದರ ಒಣಗಿಯೇ ಇರುತ್ತದೆ.

ಮಣ್ಣಿನ ಮೇಲೆ 1ರಿಂದ 2 ಸೆಂ.ಮೀ. ದಪ್ಪಕ್ಕೆ ದಪ್ಪ ಮರಳು ಹರಡುವುದರಿಂದ ಮೊಟ್ಟೆಯಿಡಲು ಒಣ ತಡೆ ಏರ್ಪಡುತ್ತದೆ. ನದಿ ಮರಳು ದುರ್ಲಭವಾಗಿರುವ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಬರುವ ಎಂ-ಸ್ಯಾಂಡ್ ಬಳಸಬಹುದು. ಆದರೆ ಅದನ್ನು ತೊಳೆದು ಕಲ್ಲಿನ ಧೂಳನ್ನು ತೆಗೆಯಬೇಕು. ಇಲ್ಲವಾದರೆ ಧೂಳು ಗಟ್ಟಿಯಾಗಿ ನೀರು ಇಳಿಯುವುದಿಲ್ಲ.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಟ್ಯಾಂಕರ್ ನೀರನ್ನು ನೆಚ್ಚಿದ್ದ ಪೂರ್ವ ಭಾಗದ ಅನೇಕ ಸಮುಚ್ಚಯಗಳಲ್ಲಿ ಸಂಸ್ಕರಿಸಿದ ನೀರು ಗಿಡಗಳಿಗೆ ಹೋಗುತ್ತದೆ. ಪೋಷಕಾಂಶ ಹೆಚ್ಚಿರುವ ಈ ನೀರಿನಿಂದ ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದರೆ ಅದನ್ನು ಕೆರೆದು ತೆಗೆಯುವುದು ಒಳಿತು, ಪಾಚಿಯೂ ಹುಳುವಿನ ಆಹಾರ.

ಅಂಟಿನ ಹಳದಿ ಹಾಳೆಗಳು ನೊಣಗಳನ್ನು ಸೆಳೆದು ಹಿಡಿಯುತ್ತವೆ. ರೈತರು ತರಕಾರಿ ಹೊಲಗಳಲ್ಲಿ ಬಳಸುವಂತೆ ಹಳದಿ ಬಣ್ಣದ ತಗಡಿಗೆ ಹರಳೆಣ್ಣೆ ಸವರಿದರೂ ಆದೀತು. ಇವು ಕೀಟದ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಸುತ್ತವೆ, ಕೀಟವನ್ನು ನಿರ್ಮೂಲ ಮಾಡುವುದಿಲ್ಲ. ಸೊಳ್ಳೆಬತ್ತಿ, ಊದುಬತ್ತಿಗಳ ಹೊಗೆ ಮಣ್ಣಿನೊಳಗಿನ ಹುಳುವನ್ನು ತಲುಪುವುದಿಲ್ಲ. ಅರಿಶಿನ, ದಾಲ್ಚಿನ್ನಿ ಪುಡಿ ಉದುರಿಸುವ ಮನೆಮದ್ದೂ ಪ್ರಚಾರದಲ್ಲಿದೆ. ಮೇಲ್ಪದರ ಒದ್ದೆಯಾಗಿಯೇ ಇದ್ದರೆ ಅದರಿಂದ ಹೆಚ್ಚಿನ ಫಲ ನಿರೀಕ್ಷಿಸಲಾಗದು.

ಜೈವಿಕ ವಿಧಾನಗಳಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಇಸ್ರೇಲೆನ್ಸಿಸ್ ಉಪಪ್ರಭೇದ ಪ್ರಮುಖವಾದುದು. ಬಿಟಿಐ ಎಂದು ಕರೆಯುವ ಇದನ್ನು ಭಾರತದಲ್ಲಿ ಸೊಳ್ಳೆಮರಿಗಳ ನಾಶಕ್ಕೆ ಬಳಸುತ್ತಾರೆ. ನೀರಿನಲ್ಲಿ ಕಲಸಿ ಮಣ್ಣಿಗೆ ಹಾಕಿದಾಗ ಇದನ್ನು ತಿಂದ ನೊರಜಿನ ಹುಳುವೂ ಸಾಯುತ್ತದೆ. ಮಣ್ಣಿನಲ್ಲಿ ಇದರ ಪ್ರಭಾವ ಕೆಲವೇ ದಿನಗಳದ್ದಾದ್ದರಿಂದ ಸುಮಾರು 5 ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಗೊಬ್ಬರದ ಅಂಗಡಿಗಳಲ್ಲಿ ಬಿಟಿ ಎಂದಷ್ಟೇ ಕೇಳಿದರೆ ಸಿಗುವುದು ಬಹುತೇಕ ಕುರ್‌ಸ್ಟಾಕಿ ಉಪಪ್ರಭೇದ. ಅದು ಎಲೆ ತಿನ್ನುವ ಕಂಬಳಿಹುಳು, ಕಾಯಿಕೊರಕಗಳಿಗೆ ಮಾತ್ರ ಮದ್ದು, ನೊಣದ ಮರಿಗೆ ನಾಟುವುದಿಲ್ಲ.

ಹುಳುವಿನ ದೇಹವನ್ನು ಹೊಕ್ಕು ಕೊಲ್ಲುವ ಸೂಕ್ಷ್ಮ ದುಂಡುಹುಳುಗಳು ಇನ್ನೊಂದು ಸಾಧನ. ಈ ಕೆಲಸಕ್ಕೆ ವಿದೇಶಗಳಲ್ಲಿ ಹೆಚ್ಚು ಬಳಕೆಯಾಗುವುದು ಸ್ಟೈನರ್‌ನೀಮಾ ಫೆಲ್ಟಿಯೇ. ಭಾರತದಲ್ಲಿ ಹೆಸರಾದದ್ದು ಹೆಟೆರೊರಾಬ್ಡೈಟಿಸ್ ಇಂಡಿಕಾ; ಕೊಯಮತ್ತೂರಿನಲ್ಲಿ ದೊರೆತ ಇದನ್ನು 1992ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇದನ್ನು ಪುಡಿಯ ರೂಪದಲ್ಲಿ ಸಿದ್ಧಪಡಿಸುವ ತಂತ್ರಜ್ಞಾನ ಬೆಳೆಸಿದ್ದು, ಕಬ್ಬು, ಅಡಿಕೆ ಬೆಳೆಗಳ ಗೊಣ್ಣೆಹುಳುವಿನ ವಿರುದ್ಧ ಅದು ಬಳಕೆಯಲ್ಲಿದೆ. ಬಿಸಿಲಿಗೆ ದುಂಡುಹುಳು ಬೇಗ ಸಾಯುವುದರಿಂದ ಸಂಜೆ, ತೇವದ ಮಣ್ಣಿಗೆ ಹಾಕುವುದು ಕ್ರಮ. ಮೇಲ್ಪದರ ಒಣಗಿಸುವ ಉಪಾಯ ಮತ್ತು ಇದು ಏಕಕಾಲದಲ್ಲಿ ಒಗ್ಗುವುದಿಲ್ಲ.

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಬೇವಿನೆಣ್ಣೆಯ ದ್ರಾವಣವನ್ನು ಹೂವಿಗೆ ಸಿಂಪಡಿಸಿದರೆ ಎಸಳಿನ ಮೇಲೆ ಕಲೆ ಬೀಳುತ್ತದೆ, ಸುಗಂಧದ ಹೂವಾದರೆ ವಾಸನೆಯೂ ಕೆಡುತ್ತದೆ. ಮಣ್ಣಿಗೆ ಮಾತ್ರ ಸುರಿಯುವುದು ಸರಿ. ಬೇವಿನ ಹಿಂಡಿಯನ್ನು ಕುಂಡ ತುಂಬುವಾಗಲೇ ಮಿಶ್ರಣಕ್ಕೆ ಸೇರಿಸುವುದು ವಾಡಿಕೆ. ಹೂಬಿಟ್ಟ ಗಿಡದ ಒದ್ದೆ ಮಣ್ಣಿನ ಮೇಲೆ ಹಿಂಡಿಯನ್ನು ಚೆಲ್ಲಿದರೆ ಅದಕ್ಕೇ ಬೂಷ್ಟು ಹಿಡಿಯುವುದುಂಟು.

ರಾಸಾಯನಿಕ ಕೀಟನಾಶಕಗಳ ಅಗತ್ಯ ಮನೆಯೊಳಗಿನ ಕುಂಡಗಳಿಗೆ ಬರುವುದು ವಿರಳ. ಹಿಂದೆ ಗುಲಾಬಿ ಕುಂಡಗಳಿಗೆ ಹಾಕುತ್ತಿದ್ದ ಫೋರೇಟ್ ಹರಳು ಹಾಗೂ ನೊಣ, ಜಿರಳೆಗಳಿಗೆ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್, ಎರಡೂ ಮನುಷ್ಯರಿಗೆ ತೀವ್ರ ವಿಷ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದಂತೆ ಇವುಗಳ ಮಾರಾಟ ಮತ್ತು ಬಳಕೆ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯ ದಾಸ್ತಾನಿನ ಹರಳು ಎಲ್ಲಿಯಾದರೂ ಉಳಿದಿದ್ದರೆ, ಮುಚ್ಚಿದ ಬಾಲ್ಕನಿಯಲ್ಲಿ, ಪೂಜೆಗೆ ಕೊಯ್ಯುವ ಹೂವಿಗೆ ಅಥವಾ ಕುಂಡದ ಪಕ್ಕದಲ್ಲಿಯೇ ಬೆಳೆಯುವ ಕರಿಬೇವು, ದೊಡ್ಡಪತ್ರೆ, ತುಳಸಿಗಳಿಗೆ ಅದನ್ನು ಹಾಕುವುದು ಅಪಾಯಕರ: ಬೇರಿನಿಂದ ಮೇಲೇರುವ ಫೋರೇಟ್ ಎಲೆಯಲ್ಲಿಯೂ ಸೇರುತ್ತದೆ, ತೊಳೆದರೆ ಹೋಗುವುದಿಲ್ಲ.